ಸುವೊನ್‌ಗೆ ಬರುವವರಿಗೆ: ‘ಬೇಡಿ’ ಮತ್ತು ‘ಬಾರದು’

ಮುಂದಿನ ತಿಂಗಳು ದಕ್ಷಿಣ ಕೊರಿಯಾದ ಸುವೊನ್‌ಗೆ ಬರುತ್ತಿದ್ದೀರಿ ಅಂತ ಓದಿ ಖುಷಿಯಾಯಿತು. ನೀವು ಕೇಳಿದ್ದು ಮೂರು: ಬಾಡಿಗೆ, ಊಟ, ಮತ್ತೆ ಕೊರಿಯನ್ ಭಾಷೆಯ ‘ಜಿ ಮಾಸೆಯೊ’ಗೂ ‘ಮ್ಯೊನ್ ಆನ್ ದ್ವೆಯೊ’ಗೂ ಏನು ವ್ಯತ್ಯಾಸ ಅಂತ. ಬಾಡಿಗೆಗೆ ನಮ್ಮ ಬೆಂಗಳೂರಿನ ಹಾಗೇ ಅಡ್ವಾನ್ಸ್ ಕೊಡಬೇಕು. ಊಟಕ್ಕೆ ಕುಕ್ಕರ್, ಸಾರಿನ ಪುಡಿ ತನ್ನಿ, ಉಳಿದದ್ದು ಹೇಗೋ ಆಗುತ್ತದೆ. ಮೂರನೆಯದಕ್ಕೆ ಮಾತ್ರ ನನ್ನ ಹತ್ತಿರ ಮಾತು ಜಾಸ್ತಿ ಇದೆ.

ಇದನ್ನು ಇಂಗ್ಲಿಷ್ ಮೂಲಕ ಕಲಿಯಬೇಡಿ, ಕನ್ನಡದಲ್ಲೇ ಸಲೀಸು. ‘ಗಾಜಿ ಮಾಸೆಯೊ’ ಅಂದರೆ ಹೋಗಬೇಡಿ. ಎದುರಿಗಿರುವವರಿಗೆ ನೇರವಾಗಿ ಹೇಳುವ ಮಾತು. ‘ಗಾಮ್ಯೊನ್ ಆನ್ ದ್ವೆಯೊ’ ಅಂದರೆ ಹೋಗಬಾರದು. ಬಿಡಿಸಿ ನೋಡಿ: ಗಾಮ್ಯೊನ್, ಹೋದರೆ. ಆನ್ ದ್ವೆಯೊ, ಆಗಲ್ಲ. ‘ಹೋದರೆ ಆಗಲ್ಲ’! ನಮ್ಮ ‘ಆಗು’ ಮಾಡುವ ಕೆಲಸವನ್ನೇ ಅವರ ‘ದ್ವೆದಾ’ ಮಾಡುತ್ತದೆ. ನಿಯಮ, ರೂಢಿ ಹೇಳುವಾಗ ಇದು. ಬೋರ್ಡುಗಳಲ್ಲಿ ಹೆಚ್ಚಾಗಿ ‘ಗುಮ್ಜಿ’ ಕಾಣುತ್ತದೆ. ‘ಚುರಿಪ್ ಗುಮ್ಜಿ’, ಪ್ರವೇಶ ನಿಷೇಧ. ನಾವೂ ಮನೆಯಲ್ಲಿ ಯಾರಿಗೂ ‘ನಿಷೇಧ’ ಅನ್ನುವುದಿಲ್ಲ, ಅಲ್ವಾ?

‘ಸೆಯೊ’ ಬಿಟ್ಟು ಬರೀ ‘ಗಾಜಿ ಮಾ’ ಅಂದರೆ ‘ಹೋಗ್ಬೇಡ’. ನಾನು ಎಡವಿದ್ದು ಇಲ್ಲೇ.

2012ರಲ್ಲಿ ಬಂದಾಗ ನನ್ನ ಕೊರಿಯನ್ ಎಲ್ಲಾ ಟೀವಿ ಧಾರಾವಾಹಿಯದ್ದು. (ಈಗ ಫೋನಿನಲ್ಲಿ ನನ್ನನ್ನು ಇಲ್ಲಿಯವನೇ ಅಂದುಕೊಳ್ಳುವವರಿದ್ದಾರೆ. ಸ್ವಲ್ಪ ಹೊಗಳಿಕೊಂಡೆ, ಇರಲಿ.) ಕೆಳಗಿನ ಮನೆಯ ಹಾಲ್‌ಮೊನಿ, ಅಂದರೆ ಅಜ್ಜಿ, ಆಗಾಗ ಡಬ್ಬಿಯಲ್ಲಿ ಕಿಮ್ಚಿ, ಅಂದರೆ ಇಲ್ಲಿಯ ಕೋಸಿನ ಉಪ್ಪಿನಕಾಯಿ, ತಂದುಕೊಡುತ್ತಿದ್ದರು. ಅದಕ್ಕೆ ಉಪ್ಪು ಹಾಕಿದ ಸೀಗಡಿ ಬೀಳುತ್ತದೆ ಅಂತ ಆಮೇಲೆ ಗೊತ್ತಾಯಿತು. ನಾನೋ ಸಸ್ಯಾಹಾರಿ. ಆ ವಯಸ್ಸಿನಲ್ಲಿ ಅವರು ಮೆಟ್ಟಿಲು ಹತ್ತಿ ಬರುವುದು ನೋಡಿ ಸಂಕಟ ಬೇರೆ. ಒಂದು ದಿನ ನಗುತ್ತಲೇ ಅಂದೆ, ‘ಗಾಜ್ಯೊ ಓಜಿ ಮಾ’. ತರಬೇಡ. ಅಜ್ಜಿ ‘ಆ’ ಅಂದು, ಗೋಡೆ ಹಿಡಿದುಕೊಂಡು ಇಳಿದು ಹೋದರು. ಮತ್ತೆ ಹತ್ತಿ ಬರಲಿಲ್ಲ.

‘ಮಾಸೆಯೊ’ ಅಂದಿದ್ದರೂ ಪೂರ್ತಿ ಸರಿಹೋಗುತ್ತಿರಲಿಲ್ಲ. ಹೇಳಬೇಕಿದ್ದದ್ದು ‘ಆನ್ ಗಾಜ್ಯೊ ಓಶ್ಯೊದೊ ದ್ವೆಯೊ’. ತಾವು ತರದಿದ್ದರೂ ಆಗುತ್ತದೆ. ಇಲ್ಲೂ ಅದೇ ‘ಆಗು’. ಊರಲ್ಲಿ ಪಕ್ಕದ ಮನೆಯ ಅಜ್ಜಿ ಹೋಳಿಗೆ ತಂದರೆ ‘ತರಬೇಡಿ’ ಅಂತೀವಾ? ‘ಅಯ್ಯೋ, ನಿಮಗ್ಯಾಕೆ ತೊಂದರೆ’ ಅಂತೀವಿ. ಇಷ್ಟು ಗೊತ್ತಿದ್ದೂ ಬಾಯಿಗೆ ಬಂದದ್ದು ಧಾರಾವಾಹಿಯ ಮಾತು.

ಅವರ ಕೊನೆಯ ಡಬ್ಬಿ ನನ್ನಲ್ಲೇ ಉಳಿಯಿತು. ಖಾಲಿ ಡಬ್ಬಿ ವಾಪಸ್ ಕೊಡಬಾರದು, ನಿಮಗೆ ಹೇಳಬೇಕಿಲ್ಲ. ಅಮ್ಮನ ಕೋಡುಬಳೆ ಬರಲಿ ಅಂತ ಕಾದೆ. ಪಾರ್ಸೆಲ್ ಬರುವಷ್ಟರಲ್ಲಿ ಅಜ್ಜಿ ಮನೆ ಖಾಲಿ ಮಾಡಿ ಬುಸಾನ್‌ಗೆ, ಮಗಳ ಹತ್ತಿರ ಹೋಗಿದ್ದರು. ಈಗ ಅದರಲ್ಲಿ ಸಾರಿನ ಪುಡಿ ಇಡುತ್ತೇನೆ.