ಅಮ್ಮ ಹೋದ ಮೇಲೆ ಅಪ್ಪ ಮಂಕಾಗಿದ್ದಾರೆ, ಹಾಡು ಕೇಳಿಸಿದರೆ ಉಪಯೋಗ ಇದೆಯಾ?

ನಿಮ್ಮ ಅಪ್ಪನಿಗೆ 76 ವರ್ಷ, ದಿನವಿಡೀ ಹಾಡು ಹಾಕಿಟ್ಟರೂ ಏನೂ ಬದಲಾಗಿಲ್ಲ ಅಂತ ಬರೆದಿದ್ದೀರಿ. ಉಪಯೋಗ ಖಂಡಿತ ಇದೆ. ಆದರೆ ದಿನವಿಡೀ ಹಾಕಿಡುವುದನ್ನು ಮೊದಲು ನಿಲ್ಲಿಸಿ.

ಇದೇ ತಪ್ಪನ್ನು ನಾನೂ ಮಾಡಿದ್ದೆ. ನನ್ನ ಅಜ್ಜಿಗೆ ಮರೆವಿನ ಕಾಯಿಲೆ. ವಯಸ್ಸಾದವರಿಗೆ ಭಕ್ತಿಗೀತೆಯೇ ಇಷ್ಟ ಅಂತ ನಾನೇ ತೀರ್ಮಾನ ಮಾಡಿ, ಬೆಳಗಿನಿಂದ ಸಂಜೆವರೆಗೂ ಅದನ್ನೇ ಹಾಕಿಡುತ್ತಿದ್ದೆ. ಅವರು ಗೋಡೆ ಕಡೆ ತಿರುಗಿ ಮಲಗಿಬಿಡುತ್ತಿದ್ದರು. ಒಂದು ದಿನ ನೋಡಲು ಬಂದ ಚಿಕ್ಕಜ್ಜಿ, ತಾವಿಬ್ಬರೂ ಹುಡುಗಿಯರಾಗಿದ್ದಾಗ ಕೇಳುತ್ತಿದ್ದ ಒಂದು ಸಿನಿಮಾ ಹಾಡನ್ನು ಸುಮ್ನೆ ಗುನುಗಿದರು. ಅಜ್ಜಿಯ ಬೆರಳು ಹೊದಿಕೆಯ ಮೇಲೆ ತಾಳ ಹಾಕತೊಡಗಿತು. ಎರಡನೇ ಸಾಲಿಗೆ ತುಟಿ ಅಲ್ಲಾಡಿತು. ನನ್ನ ಹೆಸರೇ ನೆನಪಿಲ್ಲದ ಅಜ್ಜಿ ಇಡೀ ಚರಣ ಹೇಳಿದರು, ಒಂದು ಪದವೂ ತಪ್ಪದೆ.

ಹತ್ತರಿಂದ ಮೂವತ್ತರ ವಯಸ್ಸಿನ ನೆನಪುಗಳು ಸಾಮಾನ್ಯವಾಗಿ ಜಾಸ್ತಿ ಗಟ್ಟಿ. ಅಲ್ಝೈಮರ್ ಬಂದವರಲ್ಲೂ ಹಾಡಿನ ನೆನಪು ಎಷ್ಟೋ ಸಲ ಬಹಳ ಕಾಲ ಉಳಿಯುತ್ತದೆ. ನಿಮ್ಮ ಅಪ್ಪನಿಗೆ ಅಂದರೆ 50, 60 ವರ್ಷ ಹಿಂದಿನ ಹಾಡುಗಳು. ಅವನ್ನು ಹುಡುಕಿ. ದಿನಕ್ಕೆ ಇಪ್ಪತ್ತು ನಿಮಿಷ ಸಾಕು. ಪಕ್ಕದಲ್ಲಿ ಕೂತು ನೀವೂ ಕೇಳಿ. "ಇದನ್ನ ಮೊದಲು ಎಲ್ಲಿ ಕೇಳಿದ್ರಿ ಅಪ್ಪಾ?" ಅಂತ ಕೇಳಿ, ಉತ್ತರಕ್ಕೆ ಅವಸರ ಮಾಡಬೇಡಿ. ಅಮ್ಮನ ನೆನಪಾಗಿ ಅತ್ತರೆ ಅಳಲಿ, ಕೈ ಹಿಡಿದುಕೊಂಡು ಕೂತಿರಿ. ಆದರೆ ಸಂಕಟ ಜಾಸ್ತಿಯಾಗಿ, ಬೇಡ ಅಂದರೆ ಆ ಹಾಡು ಅಲ್ಲಿಗೇ ನಿಲ್ಲಿಸಿ.

ಕಿವಿಯ ವಿಷಯ ಯಾರೂ ಹೇಳುವುದಿಲ್ಲ. ವಯಸ್ಸಾದಂತೆ ತೆಳು, ಏರು ದನಿಗಳು ಮೊದಲು ಕೇಳಿಸದಾಗುತ್ತವೆ. ಪದ ತಿಳಿಯಲಿ ಅಂತ ವಾಲ್ಯೂಮ್ ಏರಿಸಿದರೆ ಕರ್ಕಶ ಅನ್ನಿಸುತ್ತದೆ, ಎದ್ದು ಹೋಗುತ್ತಾರೆ. ನಮಗೆ ಅದು ಬೇಜಾರಿನ ಹಾಗೆ ಕಾಣುತ್ತದೆ, ಅಲ್ವಾ? ಶ್ರವಣಯಂತ್ರ ಇದ್ದರೆ ಅದನ್ನು ಸಾಮಾನ್ಯವಾಗಿ ಮಾತಿಗೆ ಹೊಂದಿಸಿರುತ್ತಾರೆ, ಸಂಗೀತ ಅದರಲ್ಲಿ ಒಡೆದ ಹಾಗೆ ಕೇಳಬಹುದು. ಸಂಗೀತಕ್ಕೇ ಬೇರೆ ಸೆಟ್ಟಿಂಗ್ ಇದೆಯಾ ಅಂತ ಕೊಟ್ಟವರನ್ನೇ ಕೇಳಿ.

ಎಷ್ಟು ನಿರೀಕ್ಷಿಸಬಹುದು? ಡಿಮೆನ್ಷಿಯಾ, ಅಂದರೆ ಮರೆವಿನ ಕಾಯಿಲೆ ಇರುವವರ ಮೇಲೆ ನಡೆದ ಪ್ರಯೋಗಗಳನ್ನು 2018ರಲ್ಲಿ ಕಾಕ್ರೇನ್ ಅನ್ನುವ ವೈದ್ಯಕೀಯ ಸಂಶೋಧನಾ ಸಂಸ್ಥೆ ಒಟ್ಟಿಗೆ ಪರಿಶೀಲಿಸಿತು. ಕನಿಷ್ಠ ಐದು ಸಲ ಸಂಗೀತದ ಚಿಕಿತ್ಸೆ ಪಡೆದವರಲ್ಲಿ ಖಿನ್ನತೆಯ ಲಕ್ಷಣ ಬಹುಶಃ ಕಡಿಮೆಯಾಗುತ್ತದೆ, ಬುದ್ಧಿಶಕ್ತಿಯಲ್ಲಿ ಮಾತ್ರ ಹೆಚ್ಚೇನೂ ಬದಲಾಗುವುದಿಲ್ಲ ಅಂತ ಕಂಡಿತು. ಅಜ್ಜಿಗೂ ನನ್ನ ಹೆಸರು ವಾಪಸ್ ಬರಲಿಲ್ಲ. ಮುಖ ಮಾತ್ರ ಗೋಡೆಯಿಂದ ಈಚೆ ತಿರುಗಿತು.

ಅಪ್ಪ ಊಟ ನಿದ್ದೆ ಬಿಟ್ಟಿದ್ದರೆ, ಬದುಕೇ ಬೇಡ ಅನ್ನುತ್ತಿದ್ದರೆ ಹಾಡಿಗಾಗಿ ಕಾಯಬೇಡಿ, ಈಗಲೇ ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗಿ. ವಯಸ್ಸಾದವರ ಖಿನ್ನತೆಗೆ ಒಳ್ಳೆಯ ಚಿಕಿತ್ಸೆ ಇದೆ.

ಅವರ ಹಳೇ ಸ್ನೇಹಿತರು ಯಾರಾದರೂ ಇದ್ದರೆ ಫೋನ್ ಮಾಡಿ, ಆಗ ಅಪ್ಪ ಏನು ಹಾಡಿಕೊಳ್ಳುತ್ತಿದ್ದರು ಅಂತ ವಿಚಾರಿಸಿ. ಚಿಕ್ಕಜ್ಜಿಯಿಂದ ನನಗೆ ಸಿಕ್ಕಿದ್ದು ಒಂಬತ್ತೇ ಹಾಡು. ಅಜ್ಜಿಗೆ ಕೊನೇವರೆಗೂ ಆ ಒಂಬತ್ತನ್ನೇ ಹಾಕಿದೆ.