ತುಂಗನಾಥದಲ್ಲಿ ಇಲಿ ಬೋನು, ಹಕ್ಕಿ ಎಣಿಕೆ ಎರಡನ್ನೂ ಇಬ್ಬರೇ ನಿಭಾಯಿಸಬಹುದೇ?

ಮೇ ತಿಂಗಳಲ್ಲಿ ಉತ್ತರಾಖಂಡದ ಹಿಮಾಲಯದಲ್ಲಿರುವ ತುಂಗನಾಥದ ಹುಲ್ಲುಗಾವಲಿನಲ್ಲಿ 40 ಷರ್ಮನ್ ಬೋನು (ಇಲಿಯನ್ನು ಜೀವಂತ ಹಿಡಿಯುವ ಅಲ್ಯೂಮಿನಿಯಂ ಪೆಟ್ಟಿಗೆ) ಇಡಬೇಕು, ಹಕ್ಕಿಗಳನ್ನೂ ಎಣಿಸಬೇಕು, ಇರುವುದು ಇಬ್ಬರೇ, ಹೋದ ಸಲ ಬೋನಿನಲ್ಲೇ ಕೆಲವು ಇಲಿಗಳು ಸತ್ತಿದ್ದವು ಎಂದು ಬರೆದಿದ್ದೀರಿ.

ಬೋನು, ಹಕ್ಕಿ ಎರಡೂ ಬೆಳಗಿನ ಜಾವವನ್ನೇ ಕೇಳುತ್ತವೆ. ಇಬ್ಬರಿಂದ ಒಂದೇ ದಿನ ಎರಡೂ ಆಗುವುದಿಲ್ಲ. ಮೂರು ರಾತ್ರಿ ಬೋನು ಹಾಕಿ, ಆಮೇಲೆ ಬಾಗಿಲು ಮುಚ್ಚಿಟ್ಟು ಎರಡು ಬೆಳಗು ಹಕ್ಕಿಗೆ ಕೊಡಿ. ಅರ್ಧ ದಿನ ಇದು, ಅರ್ಧ ದಿನ ಅದು ಎಂದರೆ ಬಲಿಯಾಗುವುದು ಇಲಿಯೇ.

ಸಾವಿಗೆ ಚಳಿಯೊಂದೇ ಕಾರಣವಲ್ಲ, ತೇವವೂ ಹೌದು. 3,600 ಮೀಟರ್ ಎತ್ತರದ ರಾತ್ರಿಯಲ್ಲಿ ಇಲಿಯ ಉಸಿರು ಅಲ್ಯೂಮಿನಿಯಂ ಗೋಡೆಗೆ ತಾಗಿ ನೀರಾಗುತ್ತದೆ. ಅದರಿಂದ ಮೈ ಒದ್ದೆಯಾದರೆ ಇಪ್ಪತ್ತು ಗ್ರಾಂ ಜೀವಕ್ಕೆ ಚೇತರಿಕೆಯಿಲ್ಲ. ಔಷಧಿ ಅಂಗಡಿಯ ಹತ್ತಿ ನೀರು ಹೀರಿಕೊಂಡು ತಣ್ಣಗಾಗುತ್ತದೆ, ಅದು ಬೇಡ. ಬೋನಿನೊಳಗೆ ಇಲಿಯ ಹಾಸಿಗೆಗೆ ದಿಂಬಿಗೆ ತುಂಬುವ ಪಾಲಿಯೆಸ್ಟರ್ ಒಂದು ಮುಷ್ಟಿ ಸಾಕು. ಅದನ್ನು ಹಿಂಬದಿಗೆ ಒತ್ತಿಡಿ, ಇಲಿ ತುಳಿದಾಗ ಬಾಗಿಲು ಬೀಳಿಸುವ ತುಳಿತಟ್ಟೆಯ ಕೆಳಗೆ ಸಿಕ್ಕಿದರೆ ಬಾಗಿಲು ಬೀಳದು. ಬಾಗಿಲ ಕಡೆ ಒಂಚೂರು ತಗ್ಗಿರಲಿ, ನೀರು ಹೊರಗೆ ಹರಿದುಹೋಗುತ್ತದೆ. ಬೋನನ್ನು ಬಂಡೆಯ ಬುಡಕ್ಕೋ ಹಳೇ ಕಲ್ಲುಗೋಡೆಗೋ ತಾಗಿಸಿ, ಹುಲ್ಲು ಹೊದಿಸಿ, ಮೇಲೊಂದು ಚಪ್ಪಟೆ ಕಲ್ಲು ಹೇರಿ. ಕುರುಬರ ನಾಯಿಗಳು ಉರುಳಿಸದಿರಲಿಕ್ಕೂ ಅದು ಬೇಕು.

ಆಮಿಷಕ್ಕೆ ಓಟ್ಸ್‌ಗೆ ಪೀನಟ್ ಬಟರ್ ಕಲಸಿ ಗೋಲಿಯಷ್ಟು ಉಂಡೆ ಇಡಿ. ಇಡೀ ರಾತ್ರಿಗೆ ಆಹಾರವೂ ಅದೇ, ಆದ್ದರಿಂದ ಜಿಪುಣತನ ಬೇಡ. ಸೊಂಡಿಲಿ ಬೀಳುವ ಜಾಗವಾದರೆ ಮಾತ್ರ ಲೆಕ್ಕವೇ ಬೇರೆ. ಅದು ಕೆಲವೇ ಗಂಟೆ ಉಪವಾಸವಿದ್ದರೂ ಸಾಯುತ್ತದೆ. ಎರಡು-ಮೂರು ಗಂಟೆಗೊಮ್ಮೆ ಹೋಗಿ ನೋಡಲಾಗದಿದ್ದರೆ ಅಂಥ ಕಡೆ ಬೋನು ತೆರೆಯಲೇಬೇಡಿ. ಉಳಿದ ಕಡೆ ಸಂಜೆ ಕತ್ತಲಾಗುವ ಮುನ್ನ ತೆರೆದು, ನಡುರಾತ್ರಿ ಒಮ್ಮೆ, ಮೊದಲ ಬೆಳಕಿಗೆ ಮತ್ತೊಮ್ಮೆ ಸುತ್ತಿ. ಹಗಲು ಮುಚ್ಚಿಡಿ, ಬಿಸಿಲಿಗೆ ಅದೇ ತಗಡು ಬಾಣಲೆಯಾಗುತ್ತದೆ.

ಬಿದ್ದ ಇಲಿಯನ್ನು ಬಟ್ಟೆ ಚೀಲಕ್ಕೆ ಬಗ್ಗಿಸಿ, ಚೀಲ ಸಮೇತ ಸ್ಪ್ರಿಂಗ್ ತಕ್ಕಡಿಯಲ್ಲಿ ತೂಗಿ, ಆಮೇಲೆ ಚೀಲದ ತೂಕ ಕಳೆಯಿರಿ. ಬಾಲ, ಹಿಂಗಾಲು, ಕಿವಿ ಅಳೆದು ಸಿಕ್ಕಿದ ಜಾಗದಲ್ಲೇ ಬಿಡಿ. ಬಾಗಿಲು ಬಿದ್ದಿದ್ದರೂ ಖಾಲಿಯಿದ್ದ ಬೋನನ್ನು ಲೆಕ್ಕದಲ್ಲಿ ಒಂದು ರಾತ್ರಿಯಲ್ಲ, ಅರ್ಧ ರಾತ್ರಿ ಮಾತ್ರ ತೆರೆದಿತ್ತೆಂದು ಬರೆದುಕೊಳ್ಳಿ, ಇಲ್ಲದಿದ್ದರೆ ಸಂಖ್ಯೆ ಸುಳ್ಳು ಹೇಳುತ್ತದೆ.

ಮೊಲದ ಬಳಗದ, ಬಾಲ ಕಾಣದ ರಾಯ್ಲ್ಸ್ ಪೈಕಾಗೆ ಈ ಬೋನು ಚಿಕ್ಕದು. ಕಲ್ಲುರಾಶಿಯೆದುರು ಬೆಳಿಗ್ಗೆ ಇಲ್ಲವೇ ಸಂಜೆ ಅಲ್ಲಾಡದೆ ಕೂತು ಎಣಿಸುವುದೇ ಮೇಲು. ಹಕ್ಕಿ ಎಣಿಕೆಯೂ ಇದೇ ಜಾತಿಯ ಕೆಲಸ: 200 ಮೀಟರ್ ಅಂತರದಲ್ಲಿ ತಾಣ ಗುರುತಿಸಿ, ಒಂದೊಂದರಲ್ಲಿ ಹತ್ತು ನಿಮಿಷ ನಿಂತು, ಸೂರ್ಯೋದಯದ ನಂತರ ಮೂರು ಗಂಟೆಯೊಳಗೆ ಮುಗಿಸಿ. ಗಾಳಿ ಎದ್ದರೆ, ಮಂಜು ಮುಚ್ಚಿದರೆ ಅಲ್ಲಿಗೇ ನಿಲ್ಲಿಸಿ. ಪ್ರತಿ ತಾಣದ ಎತ್ತರವನ್ನೂ ಬರೆದಿಡಿ. ಹಿಮಾಲಯದ ಕಾಡುಕೋಳಿಯ ಬಳಗದ ಮೊನಾಲ್‌ನಂಥ ಹಕ್ಕಿಗಳು ಋತುವಿಗೆ ತಕ್ಕಂತೆ ಏರಿಳಿಯುವುದರಿಂದ ಎತ್ತರವಿಲ್ಲದ ದಾಖಲೆಗೆ ಬೆಲೆ ಕಡಿಮೆ.

ಇಷ್ಟಕ್ಕೂ ಮುಖ್ಯ ವನ್ಯಜೀವಿ ಪಾಲಕರ ಲಿಖಿತ ಅನುಮತಿ ಕೈಯಲ್ಲಿರಬೇಕು. ಪುಸ್ತಕಕ್ಕೆ ಪೆನ್ಸಿಲ್ ಒಯ್ಯಿರಿ, ಚಳಿಗೆ ಪೆನ್ನಿನ ಶಾಯಿ ಹೊರಡುವುದಿಲ್ಲ.