ಆ ಫೋನ್ ಇಟ್ಟುಬಿಡಿ: ಬರ್ಲಿನ್ ಕಥೆ ಕಳಿಸಿದವರಿಗೆ

ನಮಸ್ಕಾರ.

ನಿಮ್ಮ ಕಥೆ ಓದಿದೆ. ಓದುವಾಗ ಖುಷಿಯಾಯಿತು, ಮುಗಿಸಿದ ಮೇಲೆ ಸಿಟ್ಟು ಬಂತು. ಏನೂ ಅನ್ನಿಸದ ಕಥೆಗಳಿಗೆ ನಾವು ಎರಡು ಸಾಲು ಬರೆದು ವಾಪಸ್ ಕಳಿಸುತ್ತೇವೆ. ನಿಮಗೆ ಉದ್ದ ಬರೆಯಲೇಬೇಕು ಅನ್ನಿಸಿತು.

1961ರ ಬರ್ಲಿನ್. ಪೂರ್ವ ಭಾಗ ಕಮ್ಯುನಿಸ್ಟ್ ಆಡಳಿತದ್ದು, ಪಶ್ಚಿಮ ಭಾಗ ಪ್ರಜಾಪ್ರಭುತ್ವದ್ದು. ತಂಗಿ ಪೂರ್ವದಲ್ಲಿ, ಅಣ್ಣ ಪಶ್ಚಿಮದಲ್ಲಿ, ನಡುವೆ ಗೋಡೆ ಏಳುತ್ತದೆ. ಭಾಷೆ ಸಲೀಸಾಗಿದೆ. ದೂರದ ಊರಿನ ಕಥೆಗೆ ಕೈ ಹಾಕಿದ ಧೈರ್ಯ ಒಳ್ಳೆಯದು. ಇನ್ನು ನನ್ನನ್ನು ಕಾಡಿದ್ದಕ್ಕೆ ಬರುತ್ತೇನೆ.

ನಾಲ್ಕನೇ ಪುಟ, 1962ರ ಚಳಿಗಾಲ. ಅಣ್ಣ ತಂಗಿಗೆ ಫೋನ್ ಮಾಡುತ್ತಾನೆ. ಆ ಫೋನ್ ಎಲ್ಲಿಂದ ಬಂತು? ನಗರದ ಎರಡು ಭಾಗಗಳ ನಡುವಿನ ಫೋನ್ ಲೈನ್‌ಗಳನ್ನು 1952ರ ಮೇ ತಿಂಗಳಲ್ಲೇ ಕತ್ತರಿಸಿದ್ದರು. ಮತ್ತೆ ಜೋಡಿಸಿದ್ದು 1971ರಲ್ಲಿ, ಅದೂ ಕೆಲವನ್ನು ಮಾತ್ರ. ಗೋಡೆ ಬರುವುದಕ್ಕೆ ಒಂಬತ್ತು ವರ್ಷ ಮೊದಲೇ ಆ ಊರಿನವರು ಪಕ್ಕದ ಬೀದಿಯ ನೆಂಟರ ಜೊತೆ ಫೋನಿನಲ್ಲಿ ಮಾತಾಡುವ ಹಾಗಿರಲಿಲ್ಲ. ಇದನ್ನು ಬರೀ ಮಾಹಿತಿ ತಪ್ಪು ಅಂತ ಬಿಡಬಹುದಿತ್ತು. ಬಿಡಲಾರೆ. ಯಾಕೆಂದರೆ ನಿಮ್ಮ ಕಥೆಯ ಕಾಯಿಲೆ ಶುರುವಾಗುವುದೇ ಆ ಫೋನಿನಿಂದ.

ಫೋನಿನಲ್ಲಿ ತಂಗಿ ಹೇಳುತ್ತಾಳೆ: "ಅಣ್ಣಾ, ಬಂಡವಾಳಶಾಹಿಗಳು ನಿನ್ನ ಕಣ್ಣಿಗೆ ಬಟ್ಟೆ ಕಟ್ಟಿದ್ದಾರೆ. ಇಲ್ಲಿ ದುಡಿಯುವವನೇ ದೊರೆ." ಅಣ್ಣ ಹೇಳುತ್ತಾನೆ: "ಪ್ರಜಾಪ್ರಭುತ್ವ ಇಲ್ಲದ ಕಡೆ ಮನುಷ್ಯ ಮನುಷ್ಯನಾಗಿ ಉಳಿಯಲಾರ." ಹೀಗೆ ಒಂದೂವರೆ ಪುಟ. ತಿಂಗಳುಗಟ್ಟಲೆ ಮುಖ ನೋಡದ ಅಣ್ಣ ತಂಗಿ ಇವರು. ಅವಳು "ಊಟ ಆಯ್ತಾ" ಅಂತ ಕೇಳುವುದಿಲ್ಲ. ಅವನು ಅಮ್ಮನ ಬಗ್ಗೆ ಒಂದು ಮಾತು ಆಡುವುದಿಲ್ಲ. ಯಾವ ಮನೆಯಲ್ಲಿ ಹೀಗೆ ಮಾತಾಡ್ತಾರೆ, ಹೇಳಿ?

ಇದಕ್ಕಿಂತ ಬೇಸರ ತಂದದ್ದು ಎರಡನೇ ಪುಟದ ಒಂದು ಸಾಲು: "ಗೋಡೆ ಬರುವ ಮೊದಲು ಅಣ್ಣ ತಂಗಿಯ ಮನೆಯಲ್ಲೇ ಇದ್ದು, ಪಶ್ಚಿಮದ ಕಾರ್ಖಾನೆಗೆ ಕೆಲಸಕ್ಕೆ ಹೋಗುತ್ತಿದ್ದ." ಇಷ್ಟು ಬರೆದು ನೀವು ಮುಂದೆ ಹೋಗಿಬಿಟ್ಟಿದ್ದೀರಿ. ಕಥೆ ಇರುವುದೇ ಅಲ್ಲಿ! ಪೂರ್ವದಲ್ಲಿ ಮನೆ, ಪಶ್ಚಿಮದಲ್ಲಿ ಕೆಲಸ ಅನ್ನುವ ಜನ ಆಗ 50 ಸಾವಿರಕ್ಕೂ ಜಾಸ್ತಿ ಇದ್ದರು. ಬೆಳಿಗ್ಗೆ ರೈಲು ಹತ್ತಿ ಇನ್ನೊಂದು ವ್ಯವಸ್ಥೆಗೆ ಹೋಗುವುದು, ಸಂಜೆ ವಾಪಸ್ ಬರುವುದು. ಎರಡೂ ಕಡೆಯ ದುಡ್ಡಿನ ಹೆಸರು ಮಾರ್ಕ್; ಪಶ್ಚಿಮದ ಮಾರ್ಕ್ ಒಂದಕ್ಕೆ ಪೂರ್ವದ ಮಾರ್ಕ್ ಸುಮಾರು ನಾಲ್ಕು ಸಿಗುತ್ತಿತ್ತು. ಬಾಡಿಗೆ ಮತ್ತು ಬ್ರೆಡ್ಡು ಪೂರ್ವದ ಅಗ್ಗದ ದರದಲ್ಲಿ. ಅಕ್ಕಪಕ್ಕದವರಿಗೆ ಹೊಟ್ಟೆ ಉರಿಯದೆ ಇರುತ್ತಾ? ಪೂರ್ವದ ಸರ್ಕಾರ ಅವರನ್ನು ದ್ರೋಹಿಗಳ ಹಾಗೆ ನೋಡುತ್ತಿತ್ತು. ಗೋಡೆಗೆ ಸ್ವಲ್ಪ ಮುಂಚೆ, ಅಂಥವರು ಬಾಡಿಗೆಯನ್ನು ಪಶ್ಚಿಮದ ದುಡ್ಡಿನಲ್ಲೇ ಕಟ್ಟಬೇಕು ಅಂತ ಆದೇಶ ಬಂತು.

ಈಗ ಆ ತಂಗಿಯನ್ನು ನೋಡಿ. ಅವಳು ಪೂರ್ವವನ್ನು ಆಳುವ ಪಕ್ಷವನ್ನು ನಿಜವಾಗಿ ನಂಬಿದವಳು ಅಂತಲೇ ಇಟ್ಟುಕೊಳ್ಳೋಣ. ಅಂಥ ಪ್ರಾಮಾಣಿಕ ಜನ ಅಲ್ಲಿ ತುಂಬಾ ಇದ್ದರು, ಅವರನ್ನು ಗೇಲಿ ಮಾಡಬೇಡಿ. ಆದರೆ ಅವಳ ಮಗುವಿನ ಚಪ್ಪಲಿ ಅಣ್ಣ ತಂದ ಪಶ್ಚಿಮದ ದುಡ್ಡಿನದು. ಕಮ್ಯುನಿಸಂ ಮತ್ತು ಪ್ರಜಾಪ್ರಭುತ್ವದ ಜಗಳ ಆ ಅಡುಗೆಮನೆಯಲ್ಲಿ, ಬಾಡಿಗೆ ಕಟ್ಟುವ ದಿನ ನಡೆಯುತ್ತದೆ. ಅವರಿಬ್ಬರೂ ಆ ಎರಡು ಪದಗಳನ್ನು ಬಾಯಿಗೆ ತಂದುಕೊಳ್ಳಬೇಕಾಗಿಯೇ ಇಲ್ಲ.

ನಾನು ಈ ಕೆಲಸ ಕಲಿತದ್ದು ಎಂಬತ್ತರ ದಶಕದಲ್ಲಿ, ಒಂದು ವಾರಪತ್ರಿಕೆಯಲ್ಲಿ. ಬಂಡಾಯ ಸಾಹಿತ್ಯದ ಕಾವು ಜೋರಾಗಿದ್ದ ಕಾಲ. ಅಂಚೆಯಲ್ಲಿ ಬರುತ್ತಿದ್ದ ಕಥೆಗಳಲ್ಲಿ ಅರ್ಧಕ್ಕರ್ಧ ಜಮೀನ್ದಾರ ಮತ್ತು ಕೂಲಿಯಾಳಿನವು. ಜಮೀನ್ದಾರ ಗಹಗಹಿಸಿ ನಗುತ್ತಿದ್ದ, ಆಳು ಕೊನೇ ಪುಟದಲ್ಲಿ ಭಾಷಣ ಮಾಡುತ್ತಿದ್ದ. ನಮ್ಮ ಸಂಪಾದಕರು ಸ್ವತಃ ಎಡಪಂಥದವರು, ಕಾರ್ಮಿಕ ಸಂಘದ ಸಭೆ ತಪ್ಪಿಸದವರು. ಅವರು ಆ ಕಥೆಗಳನ್ನು ನನ್ನ ಮೇಜಿಗೆ ಹಾಕಿ, "ಇವನ ಕೂಲಿ ಎಷ್ಟು ಅಂತ ಎಲ್ಲಿ ಬರೆದಿದ್ದಾನೆ, ಹುಡುಕಪ್ಪಾ" ಅನ್ನುತ್ತಿದ್ದರು. ಎಷ್ಟೋ ಕಥೆಗಳಲ್ಲಿ ಸಿಗುತ್ತಲೇ ಇರಲಿಲ್ಲ. ದುಡ್ಡು ಕೊಡುತ್ತಿದ್ದನೋ ರಾಗಿ ಅಳೆಯುತ್ತಿದ್ದನೋ, ದಿನಕ್ಕೋ ವಾರಕ್ಕೋ, ಏನೂ ಇಲ್ಲ. ಅಂಥ ಕಥೆ ವಾಪಸ್ ಹೋಗುತ್ತಿತ್ತು. ಒಮ್ಮೆ ಒಬ್ಬ ಹುಡುಗ ಕಥೆ ತಿದ್ದಿ ಕಳಿಸಿದ. ಭಾಷಣ ಹಾಗೇ ಇತ್ತು. ನಡುವೆ ಒಂದು ಸಾಲು ಹೊಸದು: ರಾಗಿ ಅಳೆಯುವಾಗ ಜಮೀನ್ದಾರ ಸೇರಿನ ಬಾಯಿ ಮೇಲೆ ಕೈ ಎಳೆಯುತ್ತಾನೆ, ಆಳು ಆ ಕೈಯನ್ನೇ ನೋಡುತ್ತಾ ನಿಂತಿರುತ್ತಾನೆ. ಸಂಪಾದಕರು ಭಾಷಣ ಪೂರ್ತಿ ಹೊಡೆದುಹಾಕಿ ಆ ಕಥೆಯನ್ನು ಅದೇ ವಾರ ಅಚ್ಚಿಗೆ ಕೊಟ್ಟರು. ಆ ಹೊಡೆದ ಪುಟಗಳನ್ನು ಕೈಯಲ್ಲಿ ಹಿಡಿದು ನಾನು ತುಂಬಾ ಹೊತ್ತು ನೋಡಿದ್ದೆ.

ಈಗ ನಿಮ್ಮ ಏಳನೇ ಪುಟ, ಬರ್ನಾವರ್ ಸ್ಟ್ರಾಸೆಯ ಅಜ್ಜಿ. ಈ ಭಾಗ ಓದುವಾಗ ನನ್ನ ಎದೆ ಹೊಡೆದುಕೊಂಡಿತು. ಆ ಬೀದಿಯಲ್ಲಿ ಮನೆ ಪೂರ್ವದ್ದು, ಮನೆ ಮುಂದಿನ ಫುಟ್‌ಪಾತ್ ಪಶ್ಚಿಮದ್ದು. ಬಾಗಿಲಿಗೆ, ಕೆಳಗಿನ ಕಿಟಕಿಗಳಿಗೆ ಇಟ್ಟಿಗೆ ಕಟ್ಟಿದ ಮೇಲೆ ಜನ ಮೇಲಿನ ಮಹಡಿಗಳಿಂದ ಹಾರಿದರು. ಕೆಳಗೆ ಪಶ್ಚಿಮದ ಅಗ್ನಿಶಾಮಕದವರು ಬಲೆ ಹಿಡಿದು ನಿಂತಿರುತ್ತಿದ್ದರು. ನಿಮ್ಮ ಅಜ್ಜಿ ಮೊದಲು ಹಾಸಿಗೆಯನ್ನು ಕೆಳಗೆ ಎಸೆಯುತ್ತಾಳೆ. ಬಹಳ ಒಳ್ಳೆಯ ಸಾಲು, ನಿಜಕ್ಕೂ ನಡೆದದ್ದು. 1961ರ ಆಗಸ್ಟ್ 22ರಂದು ಅಲ್ಲಿ ಒಬ್ಬ ಹೆಂಗಸು ಹಾಸಿಗೆ ಬಟ್ಟೆ ಎಸೆದು, ಹಿಂದೆಯೇ ಹಾರಿ, ತೀರಿಕೊಂಡರು. ಮರುದಿನ ಅವರಿಗೆ 59 ತುಂಬುವುದಿತ್ತು.

ಆಮೇಲೆ ನೀವು ಬರೆಯುತ್ತೀರಿ: "ಸ್ವಾತಂತ್ರ್ಯ! ಎಂದು ಕೂಗುತ್ತಾ ಅಜ್ಜಿ ಹಾರಿದಳು." ನಾನು ಪೆನ್ನು ಕೆಳಗಿಟ್ಟೆ. ಎತ್ತರದ ಕಿಟಕಿಯಲ್ಲಿ ನಿಂತ ಮುದುಕಿ ಹಾಗೆ ಕೂಗುವುದಿಲ್ಲ. ಅವಳಿಗೆ ಭಯ, ಮಂಡಿನೋವು, ಗಾಳಿಗೆ ಹಾರುವ ಲಂಗದ ಚಿಂತೆ. ಸೆಪ್ಟೆಂಬರ್‌ನಲ್ಲಿ ಅದೇ ಬೀದಿಯಲ್ಲಿ 77 ವರ್ಷದ ಒಬ್ಬ ಹೆಂಗಸು ಕಿಟಕಿಯಿಂದ ಇಳಿಯಲು ಹೋದಾಗ, ಪೂರ್ವದವರು ಒಳಗಿನಿಂದ ಅವರ ಕೈ ಹಿಡಿದು ಮೇಲಕ್ಕೆ ಎಳೆದರು, ಪಶ್ಚಿಮದವರು ಕಾಲು ಹಿಡಿದು ಕೆಳಕ್ಕೆ ಎಳೆದರು. ಕೊನೆಗೆ ಬಲೆಗೆ ಬಿದ್ದು ಬದುಕಿದರು. ಇಡೀ ಶೀತಲ ಸಮರ ಆ ಮುದುಕಿಯ ಮೈಮೇಲೆ ನಡೆದುಹೋಯಿತು. ಇಂಥದ್ದು ಕಣ್ಣಮುಂದೆ ಇರುವಾಗ ಕೂಗು ಯಾಕೆ ಬೇಕು? ಆ ಒಂದು ಪದ ತೆಗೆಯಿರಿ, ಮಿಕ್ಕಿದ್ದನ್ನು ಮುಟ್ಟಬೇಡಿ.

ಕಥೆ ಬಿಡಬೇಡಿ. ಫೋನ್ ಮಾತ್ರ ತೆಗೆದುಬಿಡಿ. ಅಣ್ಣ ತಂಗಿ ಭೇಟಿಯಾಗಲೇಬೇಕು ಅಂತಿದ್ದರೆ 1963ರ ಕ್ರಿಸ್‌ಮಸ್‌ವರೆಗೆ ಕಾಯಿಸಿ. ಪಶ್ಚಿಮ ಬರ್ಲಿನ್‌ನವರಿಗೆ ಪೂರ್ವದ ನೆಂಟರನ್ನು ನೋಡಲು ಆಗ ಮೊದಲ ಸಲ ಪಾಸ್ ಕೊಟ್ಟರು, ಗೋಡೆ ಬಂದ 28 ತಿಂಗಳ ಮೇಲೆ. ಡಿಸೆಂಬರ್ 19ರಿಂದ ಜನವರಿ 5ರ ತನಕ. ಚಳಿಯಲ್ಲಿ ಗಂಟೆಗಟ್ಟಲೆ ಕ್ಯೂ ನಿಂತು ಪಾಸ್ ತೆಗೆದುಕೊಂಡರು. ಆ ಕೆಲವೇ ದಿನಗಳಲ್ಲಿ ಸುಮಾರು 12 ಲಕ್ಷ ಭೇಟಿಗಳು ನಡೆದವು. ರಾತ್ರಿ 12ರೊಳಗೆ ವಾಪಸ್ ಬಂದುಬಿಡಬೇಕಿತ್ತು.

ಆ ಒಂದು ದಿನ ಬರೆಯಿರಿ. ಅಣ್ಣ ಕಾಫಿ ಪುಡಿ ತರಲಿ. ಅವನು ಮೊದಲು ಮಲಗುತ್ತಿದ್ದ ಕೋಣೆಯಲ್ಲಿ ಈಗ ಯಾರಿದ್ದಾರೆ, ಅವನ ದುಡ್ಡು ನಿಂತ ಮೇಲೆ ತಂಗಿ ಮನೆ ಹೇಗೆ ನಡೆಸಿದಳು, ಅದನ್ನು ಅವನು ಕೇಳುತ್ತಾನೋ ಇಲ್ಲವೋ, ನೀವೇ ಯೋಚಿಸಿ. ಬರೆದಾದ ಮೇಲೆ ನೇರ ನನ್ನ ಹೆಸರಿಗೇ ಕಳಿಸಿ.